ತಾರಸಿಯ ಮೇಲಿನ ಐದು ಆಂಟೆನಾಗಳು: ಧ್ರುವೀಕರಣದ ದೃಷ್ಟಿಯಿಂದ ಒಂದು ವಿಮರ್ಶೆ

ಆಂಟೆನಾ ಮಾರುವ ಆನ್‌ಲೈನ್ ಮಳಿಗೆಗಳಲ್ಲಿ ಗೇನ್, ಎಂದರೆ ತನ್ನ ಮೆಚ್ಚಿನ ದಿಕ್ಕಿನ ಅಲೆಯನ್ನು ಆಂಟೆನಾ ಎಷ್ಟು ಹೆಚ್ಚಾಗಿ ಹಿಡಿಯುತ್ತದೆ ಎಂಬುದು, ಎಷ್ಟು ಡೆಸಿಬೆಲ್ ಎಂಬುದನ್ನು ದಪ್ಪಕ್ಷರಗಳಲ್ಲಿ ಹಾಕಿರುತ್ತಾರೆ. ಕನೆಕ್ಟರ್ ಯಾವ ಬಗೆಯದು, ಕೇಬಲ್ ಎಷ್ಟು ಉದ್ದ, ಕಡ್ಡಿ ಸ್ಟೀಲಿನದೋ ಅಲ್ಯೂಮಿನಿಯಮ್ಮಿನದೋ ಎಂಬುದನ್ನೂ ತಿಳಿಸಿರುತ್ತಾರೆ. ಆ ಆಂಟೆನಾ ಯಾವ ಧ್ರುವೀಕರಣದ ಅಲೆಯನ್ನು ಹಿಡಿಯಲು ತಯಾರಾದದ್ದು ಎಂಬ ವಿವರ ಮಾತ್ರ ಬಹಳಷ್ಟು ಕಡೆ ಹುಡುಕಿದರೂ ಸಿಗುವುದಿಲ್ಲ. ಕೊಂಡ ಆಂಟೆನಾ ಕೈಕೊಟ್ಟಾಗ ಗೇನ್ ಸಾಲದೆ ಹೋದದ್ದು ಕಾರಣವಾಗಿರುವುದು ನಾನು ಕಂಡಂತೆ ಅಪರೂಪ. ಅಲೆಗೂ ಆಂಟೆನಾಕ್ಕೂ ಧ್ರುವೀಕರಣ ಹೊಂದದಿರುವುದೇ ಹೆಚ್ಚಿನ ಸಲ ಕಾರಣವಾಗಿರುತ್ತದೆ. ಬೆಂಗಳೂರಿನ ಒಂದು ಮನೆಯ ತಾರಸಿಯ ಮೇಲೆ ಬಿಸಿಲು ಮಳೆಗಳೆರಡನ್ನೂ ಕಂಡಿರುವ ಐದು ಬಗೆಯ ಆಂಟೆನಾಗಳನ್ನು ಈ ಒಂದು ಗುಣದ ಮೇಲೆಯೇ ತೂಗಿ ನೋಡುವುದು ಈ ಬರಹದ ಉದ್ದೇಶ. ರಿಸೀವರ್ ಆಗಿ ಬಳಸಿರುವುದು ಯುಎಸ್‌ಬಿಗೆ ಚುಚ್ಚಿದರೆ ಕಂಪ್ಯೂಟರನ್ನೇ ರೇಡಿಯೊ ಆಗಿಸುವ ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್. ಆಲಿಸುವುದು ಮತ್ತು ಚಿತ್ರ ಇಳಿಸಿಕೊಳ್ಳುವುದು ಮಾತ್ರ ಇಲ್ಲಿನ ಕೆಲಸ. ಪ್ರಸಾರದ ಮಾತು ಇಲ್ಲಿಲ್ಲ.

ರೇಡಿಯೊ ಅಲೆಯ ವಿದ್ಯುತ್ ಕ್ಷೇತ್ರ ಯಾವ ದಿಕ್ಕಿನಲ್ಲಿ ತುಯ್ಯುತ್ತದೆಯೋ ಅದೇ ಅದರ ಧ್ರುವೀಕರಣ. ನೆಟ್ಟಗೆ ನಿಂತ ಕಡ್ಡಿಯಿಂದ ಹೊರಟ ಅಲೆ ಲಂಬ ಧ್ರುವೀಕರಣದ್ದು, ಅಡ್ಡ ಮಲಗಿದ ಕಡ್ಡಿಯಿಂದ ಹೊರಟದ್ದು ಅಡ್ಡ ಧ್ರುವೀಕರಣದ್ದು. ಕ್ಷೇತ್ರವು ಮುಂದೆ ಸಾಗುತ್ತಲೇ ಸುತ್ತುತ್ತಲೂ ಇದ್ದರೆ ಅದು ವೃತ್ತೀಯ ಧ್ರುವೀಕರಣ, ಅದರಲ್ಲಿ ಬಲಸುತ್ತು, ಎಡಸುತ್ತು ಎಂಬ ಎರಡು ಬಗೆ. ಅಲೆಯ ದಿಕ್ಕಿಗೂ ಕಡ್ಡಿಯ ದಿಕ್ಕಿಗೂ 30 ಡಿಗ್ರಿ ಅಂತರವಿದ್ದರೆ ನಷ್ಟ ಸುಮಾರು 1.2 ಡೆಸಿಬೆಲ್ ಮಾತ್ರ, ಅದನ್ನು ಲೆಕ್ಕಕ್ಕೆ ಹಿಡಿಯಬೇಕಿಲ್ಲ. 45 ಡಿಗ್ರಿಗೆ 3 ಡೆಸಿಬೆಲ್, ಎಂದರೆ ಅರ್ಧ ಶಕ್ತಿ, 60 ಡಿಗ್ರಿಗೆ 6 ಡೆಸಿಬೆಲ್. 60 ದಾಟಿದ ಮೇಲೆ ನಷ್ಟ ಕಡಿದಾಗಿ ಏರುತ್ತಾ ಹೋಗಿ, 90 ಡಿಗ್ರಿಯಲ್ಲಿ ಲೆಕ್ಕದ ಪ್ರಕಾರ ಏನೂ ಸಿಗಬಾರದು. ವಾಸ್ತವದಲ್ಲಿ 20 ಡೆಸಿಬೆಲ್ಲಿನಷ್ಟು, ಎಂದರೆ ಬಂದ ಶಕ್ತಿಯಲ್ಲಿ ನೂರರ ಒಂದು ಪಾಲು ಮಾತ್ರ ಉಳಿಯುತ್ತದೆ ಎಂದು ಇಟ್ಟುಕೊಳ್ಳಬಹುದು. ಕಟ್ಟಡಗಳು ಒತ್ತೊತ್ತಾಗಿರುವ ಬಡಾವಣೆಗಳಲ್ಲಿ ಗೋಡೆಗಳಿಗೆ ಬಡಿದು ಬಂದ ಅಲೆಗಳು ತಮ್ಮ ದಿಕ್ಕನ್ನು ಒಂದಿಷ್ಟು ತಿರುಚಿಕೊಂಡಿರುವುದರಿಂದ ನಷ್ಟ ಅಷ್ಟು ಆಳಕ್ಕೆ ಇಳಿಯದೆಯೂ ಇರಬಹುದು. ವೃತ್ತೀಯ ಅಲೆಯನ್ನು ನೇರ ಕಡ್ಡಿಯಿಂದ ಹಿಡಿದರೆ, ಕಡ್ಡಿಯನ್ನು ಹೇಗೆ ತಿರುಗಿಸಿದರೂ 3 ಡೆಸಿಬೆಲ್ ಹೋಗುತ್ತದೆ, ಅದಕ್ಕಿಂತ ಹೆಚ್ಚು ಹೋಗುವುದಿಲ್ಲ. ಬಲಸುತ್ತಿನ ಅಲೆಗೆ ಎಡಸುತ್ತಿನ ಆಂಟೆನಾ ಹಿಡಿದರೆ ಮಾತ್ರ ಮತ್ತೆ ಆ 20 ಡೆಸಿಬೆಲ್ಲಿನ ಗುಂಡಿಗೆ ಬಿದ್ದಂತೆ. ಈ ಅಂಕಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಜಾಹೀರಾತಿನ ಗೇನ್ ಅಂಕಿಯನ್ನು ಓದಿದರೆ, 9 ಡೆಸಿಬೆಲ್ಲಿನ ಆಂಟೆನಾವನ್ನು ತಪ್ಪು ದಿಕ್ಕಿನಲ್ಲಿ ಹಿಡಿದವನಿಗಿಂತ 2 ಡೆಸಿಬೆಲ್ಲಿನ ಕಡ್ಡಿಯನ್ನು ಸರಿಯಾಗಿ ಹಿಡಿದವನು ಮುಂದಿರುತ್ತಾನೆ ಎಂಬುದು ತಾನೇ ತಿಳಿಯುತ್ತದೆ.

ಮೊದಲು ಎಲ್ಲಕ್ಕಿಂತ ಸರಳವಾದದ್ದನ್ನು ನೋಡೋಣ. ಒಂದು ನೆಟ್ಟನೆಯ ಕಡ್ಡಿ, ಅದರ ಬುಡದಿಂದ ಕೆಳಮುಖವಾಗಿ ಚಾಚಿದ ನಾಲ್ಕು ಕಡ್ಡಿಗಳು: ಇದನ್ನು ಗ್ರೌಂಡ್ ಪ್ಲೇನ್ ಎನ್ನುತ್ತಾರೆ. ಹವ್ಯಾಸಿ ರೇಡಿಯೊದವರು, ಎಂದರೆ ಹ್ಯಾಮ್‌ಗಳು, ಬಳಸುವ 144 ರಿಂದ 146 ಮೆಗಾಹರ್ಟ್ಸ್ ಪಟ್ಟಿಗೆ ಈ ಕಡ್ಡಿಗಳು ಹೆಚ್ಚುಕಡಿಮೆ ಅರ್ಧ ಮೀಟರ್ ಉದ್ದದವು. ಕೈಯಲ್ಲಿ ಹಿಡಿಯುವ ವಾಕಿಟಾಕಿಯ ಕಡ್ಡಿ ನೆಟ್ಟಗಿರುತ್ತದೆ, ಕಾರಿನ ಮೇಲಿನ ಕಡ್ಡಿಯೂ ನೆಟ್ಟಗಿರುತ್ತದೆ. ಆದ್ದರಿಂದ ಇವರ ಮಾತನ್ನು ಎತ್ತಿ ಮರುಪ್ರಸಾರ ಮಾಡುವ ರಿಪೀಟರ್‌ಗಳೂ ಲಂಬ ಧ್ರುವೀಕರಣವನ್ನೇ ಬಳಸುತ್ತವೆ. ಎಫ್‌ಎಂ ಮಾತುಕತೆ ಕೇಳುವುದಷ್ಟೇ ಬೇಕಾದವರಿಗೆ ಗ್ರೌಂಡ್ ಪ್ಲೇನ್ ಸಾಕೇ ಸಾಕು, ಅದನ್ನು ಮನೆಯಲ್ಲೇ ಮಾಡಿಕೊಳ್ಳಲೂಬಹುದು. ಅದೇ ಪಟ್ಟಿಯ ಕೆಳತುದಿಯಲ್ಲಿ ದೂರದ ಕ್ಷೀಣ ಧ್ವನಿಯನ್ನು ಅರಸುವವರು ಎಸ್‌ಎಸ್‌ಬಿ ಎಂಬ, ಕಡಿಮೆ ಶಕ್ತಿಯಲ್ಲಿ ದೂರ ಮುಟ್ಟುವ ವಿಧಾನದಲ್ಲಿ ಮಾತನಾಡುವಾಗ ರೂಢಿಯಿಂದ ಅಡ್ಡ ಧ್ರುವೀಕರಣ ಬಳಸುತ್ತಾರೆ. ಅವರನ್ನು ಈ ಆಂಟೆನಾದಲ್ಲಿ ಕೇಳುವ ಆಸೆ ಬೇಡ. ಇದಕ್ಕೆ ಇನ್ನೂ ಎರಡು ಕೊರತೆಗಳಿವೆ. ನೆತ್ತಿಯ ನೇರಕ್ಕೆ ಇದು ಕಿವುಡು, ಆದ್ದರಿಂದ ಉಪಗ್ರಹವು ತಲೆಯ ಮೇಲೆ ಬಂದು ಅತಿ ಹತ್ತಿರದಲ್ಲಿರುವಾಗಲೇ ಧ್ವನಿ ಕುಸಿಯುತ್ತದೆ. ಜೊತೆಗೆ ಊರಿನ ಎಲ್‌ಇಡಿ ದೀಪಗಳೂ ಇನ್ವರ್ಟರ್‌ಗಳೂ ಎಬ್ಬಿಸುವ ಗದ್ದಲದಲ್ಲಿ ಲಂಬ ಧ್ರುವೀಕರಣದ ಪಾಲು ಹೆಚ್ಚಾಗಿರುವುದರಿಂದ ಅದೆಲ್ಲವೂ ಇದರೊಳಗೆ ಸಲೀಸಾಗಿ ಇಳಿಯುತ್ತದೆ.

ಎರಡನೆಯದು ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್‌ಗಳ ಜೊತೆಗೆ ಕಿಟ್ ಆಗಿ ಸಿಗುವ ಟೆಲಿಸ್ಕೋಪಿಕ್ ಡೈಪೋಲ್, ಎಂದರೆ ಎಳೆದು ಉದ್ದ ಮಾಡಬಹುದಾದ ಎರಡು ಕಡ್ಡಿಗಳ ಆಂಟೆನಾ. ಈ ವಿಮರ್ಶೆಯಲ್ಲಿ ಹೆಚ್ಚು ಜಾಗ ಇದಕ್ಕೇ ಸಲ್ಲಬೇಕು, ಏಕೆಂದರೆ ಧ್ರುವೀಕರಣವನ್ನು ಕೈಯಾರೆ ಬದಲಿಸಿ ನೋಡಲು ಇದಕ್ಕಿಂತ ಅಗ್ಗದ ಸಲಕರಣೆ ಬೇರೆ ಇಲ್ಲ. ಸಾಮಾನ್ಯವಾಗಿ ಪೆಟ್ಟಿಗೆಯಲ್ಲಿ ಇರುವುದು ಇಷ್ಟು: 23 ಸೆಂಟಿಮೀಟರಿನಿಂದ 1 ಮೀಟರಿನವರೆಗೆ ಎಳೆಯಬಹುದಾದ ಒಂದು ಜೊತೆ ಉದ್ದ ಕಡ್ಡಿ, 5 ಸೆಂಟಿಮೀಟರಿನಿಂದ ಸುಮಾರು 13 ಸೆಂಟಿಮೀಟರಿನವರೆಗೆ ಎಳೆಯಬಹುದಾದ ಒಂದು ಜೊತೆ ಗಿಡ್ಡ ಕಡ್ಡಿ, ಎರಡನ್ನೂ ತಿರುಪಿ ಕೂರಿಸುವ ಪ್ಲಾಸ್ಟಿಕ್ ಬುಡ, ಬಳುಕುವ ಕಾಲುಗಳ ಪುಟ್ಟ ಟ್ರೈಪಾಡ್, ಗಾಜಿಗೆ ಅಂಟಿಸುವ ರಬ್ಬರ್ ಬಟ್ಟಲು, 3 ಮೀಟರಿನ ತೆಳು ಕೇಬಲ್. ಬುಡದ ಕೀಲನ್ನು ಸಡಿಲಿಸಿದರೆ ಎರಡು ಕಡ್ಡಿಗಳ ನಡುವಿನ ಕೋನವನ್ನು ಬೇಕಾದಂತೆ ಹೊಂದಿಸಬಹುದು. ಕಡ್ಡಿಗಳನ್ನು ಮೇಲೆ ಕೆಳಗೆ ನೆಟ್ಟಗೆ ನಿಲ್ಲಿಸಿದರೆ ಲಂಬ ಧ್ರುವೀಕರಣ, ಅಡ್ಡಕ್ಕೆ ಮಲಗಿಸಿದರೆ ಅಡ್ಡ ಧ್ರುವೀಕರಣ, ವಿ ಅಕ್ಷರದಂತೆ ತೆರೆದು ನೆಲಕ್ಕೆ ಸಮಾನಾಂತರವಾಗಿ ಇಟ್ಟರೆ ಆಕಾಶಕ್ಕೆ ಮುಖ ಮಾಡಿದ ಆಂಟೆನಾ. ಒಂದು ಎಫ್‌ಎಂ ಕೇಂದ್ರವನ್ನು ಹಿಡಿದು, ತೆರೆಯ ಮೇಲೆ ಸಂಕೇತದ ಗೆರೆಯನ್ನು ನೋಡುತ್ತಾ ಕಡ್ಡಿಗಳನ್ನು ಮೆಲ್ಲನೆ ತಿರುಗಿಸಿದರೆ ಗೆರೆ ಏರಿಳಿಯುವುದು ಕಣ್ಣಿಗೇ ಕಾಣುತ್ತದೆ. ಎರಡು ದಿಕ್ಕಿನಲ್ಲೂ ಗೆರೆ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿ ನಿಂತರೆ, ಆ ಕೇಂದ್ರದ ಪ್ರಸಾರ ವೃತ್ತೀಯವಾಗಿರುವ ಅಥವಾ ಅಲೆ ಹಲವೆಡೆ ಬಡಿದು ಬಂದಿರುವ ಸಾಧ್ಯತೆ ಹೆಚ್ಚು. ಕಾರಿನ ನೆಟ್ಟನೆಯ ಕಡ್ಡಿಗೂ ಮನೆಯ ಅಡ್ಡ ಆಂಟೆನಾಕ್ಕೂ ಒಟ್ಟಿಗೆ ತಲುಪಬೇಕೆಂದೇ ಎಫ್‌ಎಂ ಪ್ರಸಾರಕರು ವೃತ್ತೀಯ ಧ್ರುವೀಕರಣವನ್ನು ಆರಿಸಿಕೊಳ್ಳುವುದುಂಟು.

ಈ ಕಿಟ್ಟಿನ ಅತಿ ಒಳ್ಳೆಯ ಬಳಕೆ 137 ಮೆಗಾಹರ್ಟ್ಸ್‌ನ ಹವಾಮಾನ ಉಪಗ್ರಹಗಳಿಗೆ. ಅಮೆರಿಕದ ನೋವಾ 15, 18 ಮತ್ತು 19 ಉಪಗ್ರಹಗಳು ಹವ್ಯಾಸಿಗಳಿಗೆ ಎರಡು ದಶಕಗಳ ಕಾಲ ಮೋಡದ ಚಿತ್ರಗಳನ್ನು ಕೊಟ್ಟು 2025ರಲ್ಲಿ ನಿವೃತ್ತಿಯಾದವು. ಈಗ ಈ ಪಟ್ಟಿಯಲ್ಲಿ ಚಿತ್ರ ಕಳಿಸುತ್ತಿರುವವು 2023ರ ಜೂನ್‌ನಲ್ಲಿ ಹಾರಿದ ಮೀಟಿಯೋರ್-ಎಂ ಎನ್2-3 ಮತ್ತು 2024ರ ಫೆಬ್ರುವರಿಯಲ್ಲಿ ಹಾರಿದ ಎನ್2-4 ಎಂಬ ರಷ್ಯಾದ ಉಪಗ್ರಹಗಳು. ಇವು ಬಳಸುವುದು 137.1 ಮತ್ತು 137.9 ಮೆಗಾಹರ್ಟ್ಸ್, ಅಲೆ ಬಲಸುತ್ತಿನದು. ಕಿಟ್ಟಿನ ಎರಡು ಕಡ್ಡಿಗಳನ್ನು 120 ಡಿಗ್ರಿ ಕೋನಕ್ಕೆ ತೆರೆದು, ಪ್ರತಿಯೊಂದನ್ನೂ ಸುಮಾರು 53 ಸೆಂಟಿಮೀಟರಿಗೆ ಹೊಂದಿಸಿ, ಅಡ್ಡಕ್ಕೆ ಮಲಗಿಸಿ, ವಿ ಅಕ್ಷರದ ಬಾಯಿಯನ್ನು ಉತ್ತರಕ್ಕೋ ದಕ್ಷಿಣಕ್ಕೋ ಮಾಡಿ ಇಟ್ಟರೆ ಆಂಟೆನಾ ಸಿದ್ಧ. ಟೇಪು ಹಿಡಿದು ಅಳೆಯುವವರು ಒಂದನ್ನು ಗಮನಿಸಬೇಕು: ಬುಡದ ಪ್ಲಾಸ್ಟಿಕ್ಕಿನೊಳಗೆ ಎರಡೂ ಕಡೆಗೆ ಸುಮಾರು 2 ಸೆಂಟಿಮೀಟರ್ ಲೋಹ ಅಡಗಿರುತ್ತದೆ, ಹಾಗಾಗಿ ಹೊರಗೆ ಕಾಣುವ ಕಡ್ಡಿ 51 ಸೆಂಟಿಮೀಟರ್ ಇದ್ದರೆ ಸಾಕು. ಕೋನವನ್ನು 120 ಡಿಗ್ರಿಗೆ ಇಳಿಸುವುದರಿಂದ ಡೈಪೋಲಿನ ಪ್ರತಿರೋಧ ಕೇಬಲಿನ 50 ಓಮ್‌ಗೆ ಹತ್ತಿರವಾಗುತ್ತದೆ ಎಂಬುದು ಒಂದು ಲಾಭ. ಅದಕ್ಕಿಂತ ದೊಡ್ಡ ಲಾಭವೆಂದರೆ, ಅಡ್ಡ ಮಲಗಿದ ಈ ಕಡ್ಡಿಗಳು ನೆಲದ ಮೇಲಿನ ಲಂಬ ಧ್ರುವೀಕರಣದ ಪ್ರಸಾರಗಳನ್ನೂ ಊರಿನ ಗದ್ದಲವನ್ನೂ ಬಹುಮಟ್ಟಿಗೆ ಹೊರಗಿಡುತ್ತವೆ. ಉಪಗ್ರಹದ ಅಲೆಯಲ್ಲಿ 3 ಡೆಸಿಬೆಲ್ ಬಿಟ್ಟುಕೊಟ್ಟು ಅದರ ಬದಲಿಗೆ ಗದ್ದಲದಿಂದ ಪಾರಾಗುವ ಈ ವ್ಯವಹಾರ, ಬೆಂಗಳೂರಿನಂಥ ಊರಿನಲ್ಲಿ ಲಾಭದ್ದೇ.

ಇದರ ಮಿತಿಗಳೂ ಧ್ರುವೀಕರಣಕ್ಕೂ ದಿಕ್ಕಿಗೂ ಸಂಬಂಧಿಸಿದವೇ. ಕಡ್ಡಿಗಳ ತುದಿಯ ಕಡೆಯಿಂದ ಬರುವ ಅಲೆಗೆ ಡೈಪೋಲ್ ಮಂಕಾಗಿರುತ್ತದೆ. ಆದ್ದರಿಂದ ಬಂಗಾಳ ಕೊಲ್ಲಿಯ ಮೇಲೋ ಅರಬ್ಬೀ ಸಮುದ್ರದ ಮೇಲೋ ದಿಗಂತಕ್ಕೆ ಹತ್ತಿರವಾಗಿ ಸಾಗುವ ಹಾದಿಗಳಲ್ಲಿ ಚಿತ್ರ ಅರೆಬರೆಯಾಗಿ ಬರುತ್ತದೆ. ನೋವಾ ಕಾಲದ ಅನಲಾಗ್ ಪ್ರಸಾರದಲ್ಲಿ ಸಂಕೇತ ಕುಸಿದರೆ ಚಿತ್ರದಲ್ಲಿ ಮರಳು ಎರಚಿದಂತೆ ಚುಕ್ಕೆಗಳು ಮೂಡುತ್ತಿದ್ದವು, ಆದರೂ ಕರಾವಳಿಯ ಗೆರೆಯನ್ನು ಗುರುತು ಹಿಡಿಯಬಹುದಿತ್ತು. ಮೀಟಿಯೋರ್‌ನದು ಡಿಜಿಟಲ್ ಆದ್ದರಿಂದ ಅಂಥ ರಿಯಾಯಿತಿ ಇಲ್ಲ. ಸಂಕೇತ ಮಿತಿಗಿಂತ ಕೆಳಗಿಳಿದರೆ ಚಿತ್ರದ ಆ ಭಾಗ ಪೂರ್ತಿ ಕಪ್ಪು. ಕಿಟ್ಟಿನ ತೆಳು ಕೇಬಲ್ ಇನ್ನೊಂದು ತೊಡಕು. 137 ಮೆಗಾಹರ್ಟ್ಸ್‌ನಲ್ಲಿ 3 ಮೀಟರಿಗೆ ಸುಮಾರು 1 ಡೆಸಿಬೆಲ್, 435 ಮೆಗಾಹರ್ಟ್ಸ್‌ನಲ್ಲಿ ಸುಮಾರು 2 ಡೆಸಿಬೆಲ್ ಅದರಲ್ಲೇ ಕರಗುತ್ತದೆ. ತಾರಸಿಯಿಂದ ಕೋಣೆಯವರೆಗೆ ಇದೇ ಕೇಬಲನ್ನು ಜೋಡಿಸುತ್ತಾ ಹೋಗುವುದು ತರವಲ್ಲ. ಡಾಂಗಲನ್ನೇ ಆಂಟೆನಾದ ಬುಡಕ್ಕೆ ಒಯ್ದು, ಉದ್ದದ ಯುಎಸ್‌ಬಿ ತಂತಿಯನ್ನು ಕೆಳಗೆ ತರುವುದು ಮೇಲು. ಟ್ರೈಪಾಡಿನ ಬಳುಕುವ ಕಾಲುಗಳನ್ನು ನೀರಿನ ಟ್ಯಾಂಕಿನ ಪೈಪಿಗೆ ಸುತ್ತಿ ನಿಲ್ಲಿಸಬಹುದಾದರೂ ಆಷಾಢದ ಗಾಳಿಗೆ ಆ ಏರ್ಪಾಡು ನಿಲ್ಲುವುದಿಲ್ಲ, ಉದ್ದ ಎಳೆದ ಕಡ್ಡಿಯ ಕೀಲು ನಿಧಾನವಾಗಿ ಜೋತುಬೀಳುತ್ತದೆ. ಸದಾ ಹೊರಗೆ ಬಿಡಲು ಇದನ್ನು ಮಾಡಿಲ್ಲ ಎಂದೇ ತಿಳಿದು ಕೊಳ್ಳಬೇಕು. ಇಷ್ಟಿದ್ದರೂ ಒಂದೇ ಒಂದು ಆಂಟೆನಾ ಕೊಳ್ಳುವೆನೆನ್ನುವವರಿಗೆ ನನ್ನ ಶಿಫಾರಸು ಈ ಕಿಟ್ಟೇ.

ಉಪಗ್ರಹಗಳ ಗೀಳು ಹತ್ತಿದವರು ಮುಂದೆ ನೋಡುವುದು ಮೂರನೆಯದಾದ ಕ್ಯೂಎಫ್‌ಎಚ್ (ಕ್ವಾಡ್ರಿಫೈಲರ್ ಹೆಲಿಕ್ಸ್) ಕಡೆಗೆ. ಪಿವಿಸಿ ಪೈಪಿನ ಸುತ್ತ ಎರಡು ಕುಣಿಕೆಗಳನ್ನು ಅರ್ಧ ಸುತ್ತು ತಿರುಚಿ ಕಟ್ಟಿದ ಈ ಆಂಟೆನಾದಲ್ಲಿ ಒಂದು ಕುಣಿಕೆ ತುಸು ದೊಡ್ಡದು, ಇನ್ನೊಂದು ತುಸು ಚಿಕ್ಕದು. ಆ ಅಳತೆಯ ವ್ಯತ್ಯಾಸದಿಂದಲೇ ಎರಡರ ವಿದ್ಯುತ್ಪ್ರವಾಹದ ನಡುವೆ 90 ಡಿಗ್ರಿ ಅಂತರ ಹುಟ್ಟಿ, ವೃತ್ತೀಯ ಧ್ರುವೀಕರಣ ಬೇರೆ ಯಾವ ಜೋಡಣೆಯೂ ಇಲ್ಲದೆ ದೊರೆಯುತ್ತದೆ. ಇದರ ಹಿರಿಮೆ ಗೇನ್‌ನಲ್ಲಿಲ್ಲ. ನೆತ್ತಿಯಿಂದ ದಿಗಂತದ ಹತ್ತಿರದವರೆಗೂ ಇದು ಬಹುತೇಕ ಒಂದೇ ಸಮನಾಗಿ, ಎಲ್ಲ ದಿಕ್ಕಿಗೂ ವೃತ್ತೀಯವಾಗಿಯೇ ಉಳಿಯುತ್ತದೆ. ಇದಕ್ಕೆ ಎದುರಾಳಿಯಾಗಿ ಮಾರಾಟವಾಗುವ ಟರ್ನ್‌ಸ್ಟೈಲ್, ಎಂದರೆ ಅಡ್ಡಡ್ಡಕ್ಕೆ ಕೂಡಿಸಿದ ಎರಡು ಡೈಪೋಲ್‌ಗಳು, ನೆತ್ತಿಯ ನೇರಕ್ಕೆ ಮಾತ್ರ ಅಪ್ಪಟ ವೃತ್ತೀಯ. ಉಪಗ್ರಹ ಕೆಳಗಿಳಿದಂತೆ ಅದರ ಗುಣ ಮೆಲ್ಲಮೆಲ್ಲನೆ ಅಡ್ಡ ಧ್ರುವೀಕರಣಕ್ಕೆ ವಾಲುತ್ತದೆ. ಕಟ್ಟುವುದು ಸುಲಭವೆಂಬ ಒಂದೇ ಕಾರಣಕ್ಕೆ ಟರ್ನ್‌ಸ್ಟೈಲ್ ಆರಿಸಿಕೊಳ್ಳುವವರನ್ನು ನಾನು ತಡೆಯುವುದಿಲ್ಲ, ಆದರೆ ಹಣ ಕೊಟ್ಟು ಕೊಳ್ಳುವುದಾದರೆ ಕ್ಯೂಎಫ್‌ಎಚ್‌ಗೇ ಕೊಡಬೇಕು.

ಕೊಳ್ಳುವಾಗ ಎಚ್ಚರ ಇರಬೇಕಾದದ್ದು ತಿರುಚಿನ ದಿಕ್ಕಿನ ಬಗ್ಗೆ. ಕುಣಿಕೆಗಳನ್ನು ಒಂದು ಕಡೆಗೆ ತಿರುಚಿದರೆ ಬಲಸುತ್ತು, ಇನ್ನೊಂದು ಕಡೆಗೆ ತಿರುಚಿದರೆ ಎಡಸುತ್ತು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಅಂದವಾಗಿ ಕಾಣುತ್ತವೆ. ಆನ್‌ಲೈನಿನಲ್ಲಿ ಒಬ್ಬ ಮಾರಾಟಗಾರರಿಂದ ತರಿಸಿದ ಒಂದು ಕ್ಯೂಎಫ್‌ಎಚ್‌ನ ಮೇಲೆ ಯಾವ ಗುರುತೂ ಇರಲಿಲ್ಲ. ಕೇಳಿದ್ದಕ್ಕೆ ಬಂದ ಉತ್ತರದಲ್ಲಿ ಎಸ್‌ಡಬ್ಲ್ಯುಆರ್, ಎಂದರೆ ಆಂಟೆನಾ ಕೇಬಲಿಗೆ ಎಷ್ಟು ಹೊಂದುತ್ತದೆಂಬುದರ ಅಂಕಿ ಇತ್ತೇ ಹೊರತು ಸುತ್ತಿನ ದಿಕ್ಕಿನ ಮಾತಿರಲಿಲ್ಲ. ಎಸ್‌ಡಬ್ಲ್ಯುಆರ್ ಎಷ್ಟೇ ಚೆನ್ನಾಗಿದ್ದರೂ ಸುತ್ತು ಉಲ್ಟಾ ಇದ್ದರೆ ಅದು ಹವಾಮಾನ ಉಪಗ್ರಹಕ್ಕೆ ನಿಷ್ಪ್ರಯೋಜಕ. ಇದನ್ನು ಪರೀಕ್ಷಿಸಲು ದುಬಾರಿ ಉಪಕರಣ ಬೇಕಿಲ್ಲ, ಹಿಂದೆ ಹೇಳಿದ ಡೈಪೋಲ್ ಕಿಟ್ ಸಾಕು. ಮೀಟಿಯೋರ್ ನೆತ್ತಿಯ ಹತ್ತಿರ ಹಾಯುವ ಹೊತ್ತಿಗೆ ಎರಡೂ ಆಂಟೆನಾಗಳನ್ನು ಒಂದೇ ಬಗೆಯ ಕೇಬಲ್‌ನಲ್ಲಿ ಒಂದಾದ ಮೇಲೊಂದು ಜೋಡಿಸಿ ನೋಡಬೇಕು. ಕ್ಯೂಎಫ್‌ಎಚ್ ಸರಿಯಿದ್ದರೆ ಡೈಪೋಲಿಗೆ ಸಮನಾಗಿ ಅಥವಾ 3 ಡೆಸಿಬೆಲ್ಲಿನವರೆಗೆ ಮುಂದಾಗಿ ನಿಲ್ಲುತ್ತದೆ; ಅದು ಡೈಪೋಲಿಗಿಂತ ಎದ್ದು ಕಾಣುವಷ್ಟು ಹಿಂದೆ ಬಿದ್ದರೆ ತಿರುಚು ತಪ್ಪಾಗಿದೆ ಎಂದೇ ಅರ್ಥ. ನನಗೆ ಬಂದದ್ದು ಹಿಂದೆ ಬಿದ್ದಿತು. ಕೊನೆಗೆ ಅದರ ಕುಣಿಕೆಗಳನ್ನು ಬಿಚ್ಚಿ ಎದುರು ದಿಕ್ಕಿಗೆ ತಿರುಚಿ ಕಟ್ಟಿದ ಮೇಲೆ ಅದೇ ತಂತಿ, ಅದೇ ಪೈಪು ಈಗ ದಿಗಂತದಿಂದ ದಿಗಂತದವರೆಗೆ ಚಿತ್ರ ಇಳಿಸುತ್ತಿವೆ. ಪೈಪಿನ ಮೇಲ್ತುದಿಗೆ ಮುಚ್ಚಳ, ಬೆಸುಗೆಯ ಜಾಗಕ್ಕೆ ಸಿಲಿಕೋನ್ ಇಲ್ಲದ ಕ್ಯೂಎಫ್‌ಎಚ್‌ಗಳೂ ಮಾರುಕಟ್ಟೆಯಲ್ಲಿವೆ. ಒಂದು ಮಳೆಗಾಲ ಕಳೆಯುವುದರೊಳಗೆ ಕೇಬಲಿನ ಹೊದಿಕೆಯೊಳಗೆ ನೀರು ಇಳಿದಿರುತ್ತದೆ.

ಉಪಗ್ರಹಗಳವರು ಬಲಸುತ್ತನ್ನೇ ಏಕೆ ಇಷ್ಟಪಡುತ್ತಾರೆಂಬುದಕ್ಕೆ ಜೇಬಿನಲ್ಲಿರುವ ಫೋನಿನಲ್ಲೇ ಉತ್ತರವಿದೆ. ಜಿಪಿಎಸ್ ಅಲೆಗಳೂ ನಮ್ಮ ಇಸ್ರೋದ ನಾವಿಕ್ ಕಳಿಸುವ 1176.45 ಮೆಗಾಹರ್ಟ್ಸ್ ಅಲೆಯೂ ಬಲಸುತ್ತಿನವು. ಅವು ಗೋಡೆಗೆ ಒಮ್ಮೆ ಬಡಿದು ಹಿಂದಿರುಗಿದರೆ ಹೆಚ್ಚಿನ ಸಂದರ್ಭಗಳಲ್ಲಿ ಎಡಸುತ್ತಾಗಿಬಿಡುತ್ತವೆ. ಬಲಸುತ್ತಿನ ಒಳ್ಳೆಯ ಆಂಟೆನಾ ಆ ಸುಳ್ಳು ಪ್ರತಿಫಲನವನ್ನು ತಾನಾಗಿಯೇ ತಳ್ಳಿಹಾಕುತ್ತದೆ. ಸರ್ವೆ ಕೆಲಸದ ರಿಸೀವರ್‌ಗಳ ಮೇಲಿನ ದಪ್ಪ ಬಿಲ್ಲೆಯಂಥ ಆಂಟೆನಾಕ್ಕೆ ಅಷ್ಟು ಬೆಲೆ ಇರುವುದಕ್ಕೆ ಇದೂ ಒಂದು ಕಾರಣ. ಫೋನಿನೊಳಗಿನ ಪುಟ್ಟ ಆಂಟೆನಾ ಬಹುಪಾಲು ನೇರ ಧ್ರುವೀಕರಣದ್ದಾದ್ದರಿಂದ ಆ ಭಾಗ್ಯ ಅದಕ್ಕಿಲ್ಲ.

ನಾಲ್ಕನೆಯದು ಕೈಯಲ್ಲಿ ಹಿಡಿಯುವ ಯಾಗಿ. ದೂರದರ್ಶನದ ಕಾಲದಲ್ಲಿ ಮನೆಮನೆಯ ಮೇಲೆ ಕಾಣುತ್ತಿದ್ದ, ಕಡ್ಡಿಗಳು ಅಡ್ಡಡ್ಡಲಾಗಿದ್ದ ಆಂಟೆನಾದ ಚಿಕ್ಕ ತಮ್ಮನಿದು. ಅಡ್ಡಕ್ಕೆ ಹಿಡಿದರೆ ಅಡ್ಡ ಧ್ರುವೀಕರಣ, ಮಣಿಕಟ್ಟನ್ನು ತಿರುಗಿಸಿದರೆ ಲಂಬ. ಪಿವಿಸಿ ಪೈಪಿನ ಮೇಲೆ ಉಕ್ಕಿನ ಅಳತೆ ಟೇಪಿನ ತುಂಡುಗಳನ್ನು ಕಟ್ಟಿ ಮಾಡಿದ ಮೂರು ಕಡ್ಡಿಯ ಯಾಗಿ ಹ್ಯಾಮ್‌ಗಳಲ್ಲಿ ಬಲು ಜನಪ್ರಿಯ, ಟೇಪು ಬಾಗಿ ಮತ್ತೆ ನೆಟ್ಟಗಾಗುವುದರಿಂದ ಬಾಗಿಲಲ್ಲಿ ಸಿಕ್ಕಿಕೊಂಡರೂ ಮುರಿಯುವುದಿಲ್ಲ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ 145.800 ಮೆಗಾಹರ್ಟ್ಸ್‌ನಲ್ಲಿ ಆಗಾಗ ಕಳಿಸುವ ಎಸ್‌ಎಸ್‌ಟಿವಿ ಚಿತ್ರಗಳನ್ನು, ಎಂದರೆ ಧ್ವನಿಯ ರೂಪದಲ್ಲಿ ಗೆರೆಗೆರೆಯಾಗಿ ಬರುವ ಸ್ಥಿರಚಿತ್ರಗಳನ್ನು, ಹಿಡಿಯಲು ಇದು ತಕ್ಕದ್ದು. ಒಂದೊಂದು ಚಿತ್ರಕ್ಕೆ ಸುಮಾರು ಎರಡು ನಿಮಿಷ ಬೇಕು, ನಿಲ್ದಾಣ ಆಕಾಶದಲ್ಲಿ ಕಾಣುವುದು ಹೆಚ್ಚೆಂದರೆ ಹತ್ತು ನಿಮಿಷದಷ್ಟು. ಆ ಹೊತ್ತಿನಲ್ಲಿ ಯಾಗಿಯನ್ನು ಅತ್ತ ತೋರಿಸುತ್ತಾ ಇರುವುದಷ್ಟೇ ಸಾಲದು, ಕಿವಿಗೆ ಗರಗರ ಶಬ್ದ ಏರಿದೊಡನೆ ಮಣಿಕಟ್ಟನ್ನು ತಿರುಗಿಸಿ ಧ್ವನಿ ಮತ್ತೆ ಶುಭ್ರವಾಗುವ ಕೋನವನ್ನು ಹುಡುಕಬೇಕು. ನಿಲ್ದಾಣದ ಆಂಟೆನಾ ನಮ್ಮ ಕಣ್ಣಿಗೆ ಕಾಣುವ ಕೋನ ಬದಲಾಗುತ್ತಿರುವುದು ಒಂದು ಕಾರಣ, ವಾತಾವರಣದ ಮೇಲಿನ ವಿದ್ಯುದಾವೇಶದ ಪದರವಾದ ಅಯಾನುಗೋಳದ ಮೂಲಕ ಹಾಯುವಾಗ ಅಲೆಯ ದಿಕ್ಕೇ ತಿರುಗುವುದು ಇನ್ನೊಂದು. ಫ್ಯಾರಡೆ ತಿರುವು ಎಂಬ ಈ ಪರಿಣಾಮ ಕಂಪನಾಂಕದ ವರ್ಗಕ್ಕೆ ವಿಲೋಮವಾಗಿರುವುದರಿಂದ 145 ಮೆಗಾಹರ್ಟ್ಸ್‌ನಲ್ಲಿ ಕಾಡುವಷ್ಟು 435ರಲ್ಲಿ ಕಾಡುವುದಿಲ್ಲ, ಅಲ್ಲಿ ಅದು ಒಂಬತ್ತರಲ್ಲಿ ಒಂದು ಪಾಲು ಮಾತ್ರ.

ಎಸ್‌ಒ-50 ಎಂಬ ಹವ್ಯಾಸಿ ಉಪಗ್ರಹದ 436.795 ಮೆಗಾಹರ್ಟ್ಸ್ ಧ್ವನಿಯನ್ನು ಆಲಿಸುವಾಗಲೂ ಇದೇ ಮಣಿಕಟ್ಟಿನ ಚಾಕಚಕ್ಯತೆ ಬೇಕು. ಆ ಉಪಗ್ರಹ ತನ್ನಷ್ಟಕ್ಕೆ ಉರುಳುತ್ತಿರುವುದರಿಂದ ಧ್ವನಿ ಏಳುತ್ತದೆ, ಬೀಳುತ್ತದೆ. ಇದು ಬೇಸರವೆನ್ನುವವರು ಒಂದೇ ದಂಡದ ಮೇಲೆ ಎರಡು ಯಾಗಿಗಳನ್ನು ಪರಸ್ಪರ ಲಂಬವಾಗಿ ಕೂಡಿಸಿದ ಕ್ರಾಸ್ಡ್ ಯಾಗಿ ಕೊಳ್ಳಬಹುದು. ಬೆಂಗಳೂರಿನಲ್ಲಿ ರೂಪುಗೊಂಡು 2005ರ ಮೇ 5ರಂದು ಪಿಎಸ್‌ಎಲ್‌ವಿ-ಸಿ6 ಹೊತ್ತೊಯ್ದ ಹ್ಯಾಮ್‌ಸ್ಯಾಟ್ ಎಂಬ ಹವ್ಯಾಸಿ ಉಪಗ್ರಹ, 2014ರವರೆಗೆ ಕೆಲಸ ಮಾಡಿದಾಗ, ನಮ್ಮ ಎಷ್ಟೋ ಹ್ಯಾಮ್‌ಗಳು ಇಂಥ ಆಂಟೆನಾಗಳನ್ನು ತಾವೇ ಕಟ್ಟಿ ಕಲಿತರು. ಆದರೆ ಬರೀ ಕೇಳುವ ಹವ್ಯಾಸಕ್ಕೆ ಅದರ ತೂಕ, ತಿರುಗಿಸುವ ಮೋಟಾರು, ಎರಡರ ನಡುವಿನ ಕೇಬಲ್ ಲೆಕ್ಕಾಚಾರ ಇವೆಲ್ಲ ಅತಿಯೇ ಸರಿ. ಕೈಯ ಯಾಗಿಯೊಂದಿಗೆ ತಾರಸಿಯಲ್ಲಿ ನಿಂತು ಮಣಿಕಟ್ಟು ತಿರುಗಿಸುವುದರಲ್ಲಿ ಇರುವ ಖುಷಿ ಅದರಲ್ಲಿಲ್ಲ ಎಂಬುದು ನನ್ನ ಪಕ್ಷಪಾತ.

ಶಾರ್ಟ್‌ವೇವ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅಯಾನುಗೋಳಕ್ಕೆ ತಾಗಿ ಮರಳಿದ ಅಲೆಯಲ್ಲಿ ಮೂಲ ಧ್ರುವೀಕರಣ ಉಳಿದೇ ಇರುವುದಿಲ್ಲ, ಆದ್ದರಿಂದ ಅಲ್ಲಿ ಅಡ್ಡ ತಂತಿಯೋ ನೆಟ್ಟ ಕಡ್ಡಿಯೋ ಎಂಬುದನ್ನು ಗದ್ದಲವನ್ನೂ ಅಲೆ ಇಳಿದು ಬರುವ ಕೋನವನ್ನೂ ನೋಡಿ ನಿರ್ಧರಿಸಬೇಕು. ಮೀಡಿಯಂ ವೇವ್‌ನಲ್ಲಿ ಪ್ರಸಾರ ಗೋಪುರವೇ ಆಂಟೆನಾ ಆದ್ದರಿಂದ ನೆಲವನ್ನು ಅನುಸರಿಸಿ ಬರುವ ಅಲೆ ಲಂಬ ಧ್ರುವೀಕರಣದ್ದು. ಆಕಾಶವಾಣಿ ಬೆಂಗಳೂರಿನ 612 ಕಿಲೋಹರ್ಟ್ಸ್ ಕೇಳುತ್ತಿರುವಾಗ ಹಳೆಯ ಟ್ರಾನ್ಸಿಸ್ಟರನ್ನು ಎತ್ತಿ, ಒಳಗಿನ ಫೆರೈಟ್ ಸಲಾಕೆ ನೆಟ್ಟಗಾಗುವಂತೆ ನಿಲ್ಲಿಸಿದರೆ ಧ್ವನಿ ಯಾವ ದಿಕ್ಕಿಗೆ ತಿರುಗಿಸಿದರೂ ಕ್ಷೀಣವಾಗುತ್ತದೆ. ಸಲಾಕೆ ಹಿಡಿಯುವುದು ಕಾಂತಕ್ಷೇತ್ರವನ್ನು, ಲಂಬ ಅಲೆಯಲ್ಲಿ ಅದು ಅಡ್ಡಲಾಗಿರುತ್ತದೆ.

ಐದನೆಯದು ಡಿಶ್. ಧ್ರುವೀಕರಣದ ಪಾಠ ಇದರಲ್ಲಿರುವಷ್ಟು ಕಣ್ಣಿಗೆ ಹೊಡೆಯುವಂತೆ ಇನ್ನೆಲ್ಲೂ ಇಲ್ಲ, ಮತ್ತು ಡಿಶ್ ಕೂರಿಸಲು ಬರುವ ಹುಡುಗರಿಗೆ ಇದು ಪುಸ್ತಕ ಓದದೆಯೇ ಗೊತ್ತು. ಡಿಶ್ ಟಿವಿಯ ಕೆಯು ಬ್ಯಾಂಡಿನ ಸಾಮಾನ್ಯ ಎಲ್‌ಎನ್‌ಬಿಗೆ, ಎಂದರೆ ಡಿಶ್ಶಿನ ಎದುರಿಗೆ ಕೂತು ಅಲೆಯನ್ನು ಹಿಡಿಯುವ ಪುಟ್ಟ ಪೆಟ್ಟಿಗೆಗೆ, 13 ವೋಲ್ಟ್ ಕೊಟ್ಟರೆ ಲಂಬ ಧ್ರುವೀಕರಣ, 18 ವೋಲ್ಟ್ ಕೊಟ್ಟರೆ ಅಡ್ಡ ಧ್ರುವೀಕರಣ. ಆದರೆ ಉಪಗ್ರಹದ ಲಂಬವು ಭೂಮಿಯ ಅಕ್ಷಕ್ಕೆ ಸಂಬಂಧಿಸಿದ್ದು, ನಮ್ಮ ತಾರಸಿಯ ಲಂಬವು ನಾವು ನಿಂತ ನೆಲಕ್ಕೆ ಸಂಬಂಧಿಸಿದ್ದು. ಉಪಗ್ರಹವು ನಮ್ಮ ರೇಖಾಂಶದ ಮೇಲೆ ಇಲ್ಲದಿದ್ದರೆ ಇವೆರಡೂ ಹೊಂದುವುದಿಲ್ಲ. ಸಮಭಾಜಕಕ್ಕೆ ಹತ್ತಿರವಾದಂತೆಲ್ಲ ಈ ತಿರುಚು ಹೆಚ್ಚುತ್ತದೆ. ಡಿಡಿ ಫ್ರೀ ಡಿಶ್ ಇರುವ 93.5 ಡಿಗ್ರಿ ಪೂರ್ವದ ಜಿಸ್ಯಾಟ್-15ಕ್ಕೆ ಬೆಂಗಳೂರಿನಿಂದ ಲೆಕ್ಕ ಹಾಕಿದರೆ ತಿರುಚು ಸುಮಾರು 50 ಡಿಗ್ರಿ, ಬೀದರಿನಿಂದ ಸುಮಾರು 40, ದೆಹಲಿಯಿಂದ 27ರಷ್ಟು. ಎಲ್‌ಎನ್‌ಬಿಯನ್ನು ನೆಟ್ಟಗೇ ಕೂರಿಸಿದರೆ ಬೆಂಗಳೂರಿನಲ್ಲಿ ಸುಮಾರು 4 ಡೆಸಿಬೆಲ್ ನಷ್ಟ, ಅದಕ್ಕಿಂತ ಕೆಟ್ಟದ್ದು ಒಂದು ಧ್ರುವೀಕರಣದ ಪ್ರಸಾರ ಇನ್ನೊಂದರೊಳಕ್ಕೆ ಸೋರುವುದು. ಕೆಲವು ಚಾನೆಲ್‌ಗಳು ಬಂದು ಕೆಲವು ಬಾರದಿದ್ದರೆ ಡಿಶ್ಶಿನ ದಿಕ್ಕನ್ನು ಕೆದಕುವ ಮೊದಲು ಎಲ್‌ಎನ್‌ಬಿಯ ತಿರುವನ್ನು ನೋಡಬೇಕು. ಪೂರ್ವದ ಉಪಗ್ರಹಕ್ಕೆ ತಿರುಗಿಸುವ ಕಡೆ ಒಂದು, ಪಶ್ಚಿಮದ್ದಕ್ಕೆ ಅದರ ವಿರುದ್ಧ. ಕೊಳ್ಳುವಾಗ ಕತ್ತಿನ ಮೇಲೆ ಡಿಗ್ರಿ ಗೆರೆಗಳಿರುವ ಎಲ್‌ಎನ್‌ಬಿ ಮತ್ತು ಅದು ಸಲೀಸಾಗಿ ತಿರುಗುವಂಥ ಹಿಡಿಕೆ ಇರುವ ಡಿಶ್ ಆರಿಸಿಕೊಳ್ಳುವುದು ಒಳಿತು. ಅಗ್ಗದ ಕೆಲವು ಹಿಡಿಕೆಗಳು ಎಲ್‌ಎನ್‌ಬಿಯನ್ನು ಒಂದೇ ಭಂಗಿಯಲ್ಲಿ ಕಚ್ಚಿಕೊಳ್ಳುತ್ತವೆ.

ಹ್ಯಾಮ್‌ಗಳಿಗೆ ಇಲ್ಲಿ ಇನ್ನೊಂದು ಆಕರ್ಷಣೆಯಿದೆ. 2018ರ ನವೆಂಬರ್‌ನಲ್ಲಿ ಹಾರಿದ ಕತಾರಿನ ಎಸ್‌ಹೈಲ್-2 ಉಪಗ್ರಹದ ಮೇಲೆ ಕ್ಯೂಒ-100 ಎಂಬ ಹವ್ಯಾಸಿ ಟ್ರಾನ್ಸ್‌ಪಾಂಡರ್, ಎಂದರೆ ನೆಲದಿಂದ ಬಂದ ಸಂಕೇತವನ್ನು ಮತ್ತೆ ಕೆಳಗೆ ಕಳಿಸುವ ಸಲಕರಣೆ, ಇದೆ, ಅದು 25.9 ಡಿಗ್ರಿ ಪೂರ್ವದಲ್ಲಿ ಸ್ಥಿರವಾಗಿ ನಿಂತಿರುವುದರಿಂದ ಬೆಂಗಳೂರಿನಿಂದ ಪಶ್ಚಿಮಕ್ಕೆ ತುಸು ದಕ್ಷಿಣವಾಗಿ, ಸುಮಾರು 30 ಡಿಗ್ರಿ ಎತ್ತರದಲ್ಲಿ ಹಗಲಿರುಳೂ ಸಿಗುತ್ತದೆ. ಮೇಲೆ ಹೋಗುವ 2400 ಮೆಗಾಹರ್ಟ್ಸ್ ಅಲೆ ಬಲಸುತ್ತಿನದು. ಅದನ್ನು ಡಿಶ್ಶಿನ ಮೂಲಕ ಕಳಿಸುವವರು ಡಿಶ್ಶಿನ ಎದುರಿಗೆ ಕೂರುವ ಪುಟ್ಟ ಆಂಟೆನಾ, ಎಂದರೆ ಫೀಡ್, ಎಡಸುತ್ತಿನದನ್ನು ಇಡಬೇಕು, ಏಕೆಂದರೆ ಡಿಶ್ಶಿಗೆ ಬಡಿದೊಡನೆ ಸುತ್ತು ತಿರುವುಮುರುವಾಗುತ್ತದೆ. ಕೆಳಗೆ ಬರುವ 10489.5 ಮೆಗಾಹರ್ಟ್ಸ್‌ನ ಕಿರುಪಟ್ಟಿಯ ಅಲೆ ಲಂಬ ಧ್ರುವೀಕರಣದ್ದು ಎಂದು ಎಲ್ಲ ಕೈಪಿಡಿಗಳಲ್ಲೂ ಇದೆ. ಯುರೋಪಿನಲ್ಲಿ ಕುಳಿತು ಬರೆದ ಆ ಮಾತನ್ನು ನಂಬಿ ಇಲ್ಲಿ ಎಲ್‌ಎನ್‌ಬಿಯನ್ನು ನೆಟ್ಟಗೆ ಕೂರಿಸಿ 13 ವೋಲ್ಟ್ ಕೊಟ್ಟರೆ ಸಿಗುವುದು ಅಲ್ಪಸ್ವಲ್ಪ. ಉಪಗ್ರಹವು ನಮಗಿಂತ ಸುಮಾರು 52 ಡಿಗ್ರಿ ಪಶ್ಚಿಮಕ್ಕಿರುವುದರಿಂದ ಇಲ್ಲಿಗೆ ತಿರುಚು ಸುಮಾರು 74 ಡಿಗ್ರಿ, ಎಂದರೆ ಅದರ ಲಂಬ ನಮ್ಮ ತಾರಸಿಯ ಮೇಲೆ ಬಹುತೇಕ ಮಲಗಿಯೇ ಇಳಿಯುತ್ತದೆ, ನಷ್ಟ 11 ಡೆಸಿಬೆಲ್ಲಿನಷ್ಟು. ಸರಿಯಾದ ದಾರಿ ಎಲ್‌ಎನ್‌ಬಿಯನ್ನು ಅಷ್ಟು ತಿರುಗಿಸುವುದು. ಹಿಡಿಕೆ ಅಷ್ಟು ತಿರುಗದಿದ್ದರೆ ಎಲ್‌ಎನ್‌ಬಿಯನ್ನು ನೆಟ್ಟಗೇ ಬಿಟ್ಟು 13ರ ಬದಲು 18 ವೋಲ್ಟ್ ಕೊಡಬಹುದು; ಆಗ ಉಳಿಯುವ ಅಂತರ 16 ಡಿಗ್ರಿ, ನಷ್ಟ ಅರ್ಧ ಡೆಸಿಬೆಲ್ಲಿಗೂ ಕಡಿಮೆ. ಎಲ್‌ಎನ್‌ಬಿಯಿಂದ ಹೊರಬರುವ ಸಂಕೇತ 739.5 ಮೆಗಾಹರ್ಟ್ಸ್‌ನ ಆಸುಪಾಸಿನದಾದ್ದರಿಂದ ಅಗ್ಗದ ಡಾಂಗಲ್ಲೇ ಅದನ್ನು ಓದಬಲ್ಲದು. ಡಾಂಗಲ್‌ನೊಳಗಿನ ಬಯಾಸ್-ಟಿ, ಎಂದರೆ ಆಂಟೆನಾ ಕೇಬಲಿನ ಮೂಲಕವೇ ವಿದ್ಯುತ್ ಕಳಿಸುವ ಜೋಡಣೆ, ಕೊಡುವುದು ಸುಮಾರು 4.5 ವೋಲ್ಟ್ ಆದ್ದರಿಂದ ಎಲ್‌ಎನ್‌ಬಿಗೆ ಹೊರಗಿನ ಬಯಾಸ್-ಟಿ ಬೇಕೇ ಬೇಕು, ಮತ್ತು ಅದರ 18 ವೋಲ್ಟ್ ಡಾಂಗಲ್ ಕಡೆಗೆ ಹಾಯದಂತೆ ನಡುವೆ ಆ ವಿದ್ಯುತ್ತನ್ನು ತಡೆಯುವ ಡಿಸಿ ಬ್ಲಾಕ್ ಇರುವುದನ್ನು ಮಲ್ಟಿಮೀಟರ್ ಹಿಡಿದು ಖಾತ್ರಿ ಮಾಡಿಕೊಂಡೇ ಕೇಬಲ್ ಚುಚ್ಚಬೇಕು.